ಡಂಗುರ ಊರಿಗೆಲ್ಲ, ಓಗೊಡುವುದು ಒಂದೇ ಮನೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವಿಜ್ಞಾನದ ಒಂದು ವಿಷಯವನ್ನು ವಿಜ್ಞಾನ ಓದದವರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿಯ ಆಶಯ. ಅದಕ್ಕೆ ತಕ್ಕ ವಿಷಯ ಯಾವುದೆಂದು ಯೋಚಿಸುತ್ತಿದ್ದಾಗ ನೆನಪಾದದ್ದು ನಮ್ಮ ಸೋದರಮಾವ ಒಂದು ಸಂಜೆ ಕೈಯಲ್ಲಿ ಹಿಡಿದು ತಂದಿದ್ದ ರಕ್ತಪರೀಕ್ಷೆಯ ವರದಿ.

ಅವರಿಗಾಗ 68 ವರ್ಷ. ಮಕ್ಕಳ ಒತ್ತಾಯಕ್ಕೆ ಪೂರ್ತಿ ತಪಾಸಣೆ ಮಾಡಿಸಿಕೊಂಡಿದ್ದರು. ಸಕ್ಕರೆ, ಕೊಬ್ಬು, ಥೈರಾಯ್ಡ್ ಎಲ್ಲ ದಾಟಿ ಮೂರನೆಯ ಪುಟದಲ್ಲಿ ಪಿಎಸ್‌ಎ 7.8 ಎಂದು ದಪ್ಪಕ್ಷರದಲ್ಲಿತ್ತು. 4ರೊಳಗೆ ಇರಬೇಕು ಎಂದು ಪಕ್ಕದಲ್ಲೇ ಅಚ್ಚಾಗಿತ್ತು. "ಏನಪ್ಪಾ, ಇದು ಅದೇನಾ?" ಎಂದರು. ರೋಗದ ಹೆಸರು ಅವರ ಬಾಯಿಗೆ ಬರಲಿಲ್ಲ. "ಅಷ್ಟು ಬೇಗ ಹಾಗನ್ನಬೇಡಿ ಮಾಮ, ಮೊದಲು ಇದು ಏನು ಅಂತ ತಿಳ್ಕೊಳ್ಳೋಣ" ಎಂದೆ. "ತಿಳಿಸು ಮತ್ತೆ" ಎಂದು ಕುರ್ಚಿ ಎಳೆದುಕೊಂಡು ಕೂತರು. ಜೀವರಸಾಯನಶಾಸ್ತ್ರವನ್ನು ಬಹಳ ವರ್ಷ ಬೋಧಿಸಿದ ನನಗೆ ಅವರ ಮಾತಿನಲ್ಲಿ ಅದನ್ನು ಹೇಳುವುದು ಅವತ್ತು ಸುಲಭವಾಗಲಿಲ್ಲ. ಅವತ್ತು ಅರೆಬರೆಯಾಗಿ ಹೇಳಿದ್ದನ್ನು ಇವತ್ತು ನಿಮ್ಮೆದುರು ಪೂರ್ತಿ ಹೇಳಬೇಕೆಂದಿದ್ದೇನೆ.

ನನ್ನ ಮಾತಿನ ತಿರುಳು ಇಷ್ಟು: ಪಿಎಸ್‌ಎ ಒಂದು ಅಂಗದ ದನಿ, ಒಂದು ರೋಗದ ಹೆಸರಲ್ಲ. ಆ ದನಿ ಯಾರ ಅಪ್ಪಣೆಯಿಂದ ಹೊರಡುತ್ತದೆ, ಅದೊಂದೇ ಅಂಗದಿಂದ ಏಕೆ ಹೊರಡುತ್ತದೆ ಎಂಬುದು ಗೊತ್ತಾದರೆ ವರದಿಯನ್ನು ಓದುವ ಕಣ್ಣೇ ಬೇರೆಯಾಗುತ್ತದೆ.

1. ಗ್ರಂಥಿ ಮತ್ತು ಅದರ ಕಿಣ್ವಗಳು

ಗಂಡಸರಲ್ಲಿ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುವ ಗ್ರಂಥಿ ಪ್ರಾಸ್ಟೇಟ್. ತರುಣರಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ಹಲವರಲ್ಲಿ ದೊಡ್ಡದಾಗಿ ಮೂತ್ರನಾಳವನ್ನು ಒತ್ತುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾದ ಹಿರಿಯರು ಇದರ ಹೆಸರು ಕೇಳುವುದು ಆಗಲೇ. ಆದರೆ ಅದರ ನಿಜವಾದ ಕೆಲಸ ಹದಿಹರೆಯದಲ್ಲೇ ಶುರುವಾಗಿರುತ್ತದೆ. ವೀರ್ಯದ ದ್ರವದಲ್ಲಿ ಒಂದು ಪಾಲು ಅದರ ಸ್ರಾವ. ಆ ಸ್ರಾವದಲ್ಲಿ ಸತು, ಸಿಟ್ರೇಟ್‌ಗಳ ಜೊತೆಗೆ ಕಿಣ್ವಗಳೂ ಇರುತ್ತವೆ. ಅವುಗಳಲ್ಲಿ ಎರಡರ ಹೆಸರು ನೆನಪಿಟ್ಟುಕೊಂಡರೆ ಸಾಕು: ಆಸಿಡ್ ಫಾಸ್ಫಟೇಸ್ ಮತ್ತು ಪಿಎಸ್‌ಎ.

ಪಿಎಸ್‌ಎ ಮಾಡುವ ಕೆಲಸ ಸೊಗಸಾದದ್ದು. ಹೊರಬಿದ್ದ ವೀರ್ಯ ಮೊದಲು ಹೆಪ್ಪುಗಟ್ಟುತ್ತದೆ. ವೀರ್ಯಕೋಶಗಳಿಂದ ಬರುವ ಸೆಮೆನೊಜೆಲಿನ್ ಎಂಬ ಪ್ರೋಟೀನ್ ಬಲೆಯಂತೆ ಹೆಣೆದುಕೊಂಡು ವೀರ್ಯಾಣುಗಳನ್ನು ಹಿಡಿದಿಡುತ್ತದೆ. ಪಿಎಸ್‌ಎ ಆ ಬಲೆಯನ್ನು ಕತ್ತರಿಸುತ್ತದೆ. ಅರ್ಧ ಗಂಟೆಯೊಳಗೆ ಹೆಪ್ಪು ನೀರಾಗಿ ವೀರ್ಯಾಣುಗಳು ಈಜಲು ಶುರುಮಾಡುತ್ತವೆ. ಸ್ವೀಡನ್ನಿನ ಹ್ಯಾನ್ಸ್ ಲಿಲ್ಯಾ ಇದನ್ನು 1985ರಲ್ಲಿ ತೋರಿಸಿದರು. ಕುತೂಹಲದ ಸಂಗತಿಯೆಂದರೆ, ಅಷ್ಟು ಹೊತ್ತಿಗೆ ಅದಕ್ಕೆ 'ಪ್ರಾಸ್ಟೇಟ್‌ನದೇ ಆದ ಆ್ಯಂಟಿಜೆನ್' ಎಂಬ ಹೆಸರು ಬಿದ್ದಾಗಿತ್ತು. 1979ರಲ್ಲಿ ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯವರು ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದರು. ಹೀಗೆ ಹೆಸರು ಮೊದಲು ಬಂತು, ಕೆಲಸ ತಿಳಿದದ್ದು ಆಮೇಲೆ. ಆ ಮೊದಲ ಹೆಸರಿನಿಂದಾಗಿಯೇ ಅದೊಂದು ಕಿಣ್ವ ಎಂಬುದು ಇಂದಿಗೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಪ್ರೋಟೀನನ್ನು ಕತ್ತರಿಸುವ ಕಿಣ್ವವನ್ನು ಮೈಯೊಳಗೆ ಇಟ್ಟುಕೊಳ್ಳುವುದು ಅಪಾಯದ ಕೆಲಸ. ಅದಕ್ಕಾಗಿಯೇ ಪಿಎಸ್‌ಎ ಹುಟ್ಟುವಾಗ ಅದರ ತುದಿಯಲ್ಲಿ ಏಳು ಅಮೈನೋ ಆಮ್ಲಗಳ ಒಂದು ಬಿರಡೆ ಇರುತ್ತದೆ. ಕೆಎಲ್‌ಕೆ2 ಎಂಬ ಸೋದರ ಕಿಣ್ವ ಆ ಬಿರಡೆಯನ್ನು ಕತ್ತರಿಸಿದ ಮೇಲೆ 237 ಅಮೈನೋ ಆಮ್ಲಗಳ ಪಕ್ವ ಕಿಣ್ವ ಉಳಿಯುತ್ತದೆ. ಗ್ರಂಥಿಯಲ್ಲಿ ಹೇರಳವಾಗಿರುವ ಸತು ಅದನ್ನು ಇನ್ನೂ ಸುಮ್ಮನಿರಿಸುತ್ತದೆ. ಸೆಮೆನೊಜೆಲಿನ್ ಜೊತೆ ಬೆರೆತಾಗ ಸತು ಅದಕ್ಕೆ ಅಂಟಿಕೊಳ್ಳುತ್ತದೆ, ಕಿಣ್ವಕ್ಕೆ ಬಿಡುಗಡೆಯಾಗುತ್ತದೆ. ಸೋದರ ಎಂಬ ಮಾತನ್ನು ಸುಮ್ಮನೆ ಬಳಸಲಿಲ್ಲ. ನಮ್ಮ 19ನೆಯ ಕ್ರೋಮೋಸೋಮಿನಲ್ಲಿ ಇಂಥ 15 ಜೀನ್‌ಗಳು ವಠಾರದ ಮನೆಗಳಂತೆ ಸಾಲಾಗಿವೆ. ಪಿಎಸ್‌ಎ ಅವುಗಳಲ್ಲಿ ಮೂರನೆಯದು, ಕೆಎಲ್‌ಕೆ3. ಇಲಿಗಳಲ್ಲಿ ಈ ಜೀನ್ ಇಲ್ಲವೇ ಇಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

2. ಕಿಣ್ವ ತೋರಿಸಿದ ದಾರಿ

ಹಾರ್ಮೋನಿಗೂ ಈ ಕಿಣ್ವಗಳಿಗೂ ಇರುವ ನಂಟು ತಿಳಿದದ್ದು ಜೀನ್ ಎಂದರೆ ಡಿಎನ್‌ಎ ಎಂದೇ ಗೊತ್ತಿಲ್ಲದ ಕಾಲದಲ್ಲಿ.

1938ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಮತ್ತು ಎಥೆಲ್ ಗಟ್‌ಮನ್ ದಂಪತಿ ಒಂದು ಸಂಗತಿಯನ್ನು ವರದಿ ಮಾಡಿದರು. ಮೂಳೆಗಳಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಏರಿರುತ್ತಿತ್ತು. ಇದೇ ಕಿಣ್ವ ಹುಡುಗರ ಪ್ರಾಸ್ಟೇಟ್‌ನಲ್ಲಿ ಅತ್ಯಲ್ಪ, ವಯಸ್ಕರಲ್ಲಿ ನೂರಾರು ಪಟ್ಟು. ಮರುವರ್ಷ ಅವರು ಇನ್ನೂ ಪ್ರಾಯಕ್ಕೆ ಬಾರದ ರೀಸಸ್ ಕೋತಿಗಳಿಗೆ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನ್ ಕೊಟ್ಟು ನೋಡಿದರು. ಎಳೆಯ ಗ್ರಂಥಿಯಲ್ಲಿ ಕಿಣ್ವ ವಯಸ್ಕರ ಮಟ್ಟಕ್ಕೇರಿತು. ಹಾರ್ಮೋನ್ ಕರೆಯಿತು, ಅಂಗಾಂಶ ಕಿಣ್ವ ತಯಾರಿಸಿತು: ನಮ್ಮ ವಿಷಯದ ಮೂಲಸೂತ್ರ ಆ ಪ್ರಯೋಗದಲ್ಲೇ ಇದೆ.

ಅದೇ ಹೊತ್ತಿಗೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಎಂಬ ಶಸ್ತ್ರವೈದ್ಯರು ನಾಯಿಗಳ ಪ್ರಾಸ್ಟೇಟ್ ಸ್ರಾವವನ್ನು ಅಳೆಯುತ್ತಿದ್ದರು. ವೃಷಣ ತೆಗೆದರೆ ಸ್ರಾವ ನಿಲ್ಲುತ್ತಿತ್ತು, ಟೆಸ್ಟೊಸ್ಟೆರಾನ್ ಕೊಟ್ಟರೆ ಮರಳುತ್ತಿತ್ತು. ಮುದಿ ನಾಯಿಗಳಲ್ಲಿದ್ದ ಪ್ರಾಸ್ಟೇಟ್ ಗಡ್ಡೆಗಳು ಹಾರ್ಮೋನ್ ಇಲ್ಲದಾಗ ಕುಗ್ಗುತ್ತಿದ್ದವು. 1941ರಲ್ಲಿ ತಮ್ಮ ವಿದ್ಯಾರ್ಥಿ ಕ್ಲಾರೆನ್ಸ್ ಹಾಜಸ್ ಜೊತೆಗೂಡಿ ಅವರು ರೋಗಿಗಳ ಮೇಲಿನ ಅಧ್ಯಯನವನ್ನು ಪ್ರಕಟಿಸಿದರು. ವೃಷಣ ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ರಕ್ತದ ಆಸಿಡ್ ಫಾಸ್ಫಟೇಸ್ ಇಳಿಯುತ್ತಿತ್ತು. ಟೆಸ್ಟೊಸ್ಟೆರಾನ್ ಚುಚ್ಚಿದರೆ ಏರುತ್ತಿತ್ತು. ಮೂಳೆನೋವಿನಿಂದ ಹಾಸಿಗೆ ಹಿಡಿದವರಲ್ಲಿ ಕೆಲವರು ಎದ್ದು ಕೂತರು.

ಹಬ್ಬಿದ ಕ್ಯಾನ್ಸರ್ ಕೂಡ ಹಾರ್ಮೋನಿನ ಮಾತು ಕೇಳುತ್ತದೆ ಎಂಬುದು ವೈದ್ಯಲೋಕಕ್ಕೆ ಮನದಟ್ಟಾದದ್ದು ಹೀಗೆ, ರಕ್ತದಲ್ಲಿ ಏರಿಳಿಯುವ ಒಂದು ಕಿಣ್ವದ ಅಳತೆಯ ಮೂಲಕ. ಹಗ್ಗಿನ್ಸ್ ಅವರಿಗೆ ನೊಬೆಲ್ ಬಂದದ್ದು 25 ವರ್ಷಗಳ ನಂತರ, 1966ರಲ್ಲಿ. ಮುಂದೆ ಆಸಿಡ್ ಫಾಸ್ಫಟೇಸ್‌ನ ಜಾಗಕ್ಕೆ ಪಿಎಸ್‌ಎ ಬಂತು. ಹಗ್ಗಿನ್ಸ್ ಹಿಡಿದ ದಾರಿ ಹಾಗೆಯೇ ಉಳಿಯಿತು.

3. ಕರೆ ಜೀನ್‌ಗೆ ಮುಟ್ಟುವ ಬಗೆ

ಹಿಂದೆ ಊರಿನಲ್ಲಿ ಡಂಗುರ ಹೊಡೆಯುತ್ತಿದ್ದರು. ಸದ್ದು ಎಲ್ಲ ಬೀದಿಗೂ ಕೇಳುತ್ತಿತ್ತು. ಕಂದಾಯ ಬಾಕಿ ಇದ್ದವನು ಮಾತ್ರ ಎದ್ದು ಚಾವಡಿಗೆ ಹೋಗುತ್ತಿದ್ದ. ಹಾರ್ಮೋನ್ ರಕ್ತದಲ್ಲಿ ಹರಿಯುವ ಡಂಗುರ. ವೃಷಣದಲ್ಲಿ ಹುಟ್ಟಿದ ಟೆಸ್ಟೊಸ್ಟೆರಾನ್ ಮಿದುಳು, ಸ್ನಾಯು, ಮೂಳೆ, ಚರ್ಮ ಎಲ್ಲಕ್ಕೂ ತಲುಪುತ್ತದೆ.

ಪ್ರಾಸ್ಟೇಟ್‌ಗೆ ಬಂದಾಗ ಅದಕ್ಕೆ ಮೊದಲು ಒಂದು ಸಂಸ್ಕಾರವಾಗುತ್ತದೆ. 5-ಆಲ್ಫಾ ರಿಡಕ್ಟೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಡೈಹೈಡ್ರೊಟೆಸ್ಟೊಸ್ಟೆರಾನ್ ಆಗಿ ಮಾರ್ಪಡಿಸುತ್ತದೆ. ಈ ರೂಪ ಜೀವಕೋಶದೊಳಗಿನ ಗ್ರಾಹಕ ಪ್ರೋಟೀನನ್ನು ಹೆಚ್ಚು ಬಿಗಿಯಾಗಿ, ಹೆಚ್ಚು ಹೊತ್ತು ಹಿಡಿಯುತ್ತದೆ. ಇದರ ಮಹತ್ವ ಹೊರಬಿದ್ದದ್ದು 1974ರಲ್ಲಿ. ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳೆಂದು ಬೆಳೆಸಿದ ಕೆಲವು ಮಕ್ಕಳು ಪ್ರಾಯ ಬಂದಾಗ ದನಿ ಒಡೆದು, ಮೈಕಟ್ಟು ಬಲಿತು ಗಂಡಾಗಿ ಬೆಳೆಯುತ್ತಿದ್ದರು. ಅವರಲ್ಲಿ ಈ ಕಿಣ್ವದ ಕೊರತೆ ಇದೆಯೆಂದು ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಮತ್ತು ಸಂಗಡಿಗರು ಕಂಡುಕೊಂಡರು. ಟೆಸ್ಟೊಸ್ಟೆರಾನ್ ಸಾಕಷ್ಟಿದ್ದು ಸ್ನಾಯು ಬೆಳೆದಿತ್ತು. ಗಡ್ಡ ಮಾತ್ರ ವಿರಳ, ಪ್ರಾಸ್ಟೇಟ್ ಪುಟ್ಟದು. ಒಂದೇ ಹಾರ್ಮೋನಿಗೆ ಬೇರೆ ಬೇರೆ ಅಂಗಾಂಶಗಳು ಬೇರೆ ಬೇರೆ ಬಗೆಯಲ್ಲಿ ಸ್ಪಂದಿಸುತ್ತವೆ ಎಂಬುದಕ್ಕೆ ಪ್ರಕೃತಿಯೇ ಕೊಟ್ಟ ಪುರಾವೆ ಅದು. ಫಿನಾಸ್ಟರೈಡ್ ಔಷಧದ ಹಿಂದೆ ಇದೇ ತಿಳಿವಳಿಕೆ ಇದೆ. 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ ಅದು ಬಳಕೆಗೆ ಬಂತು.

ಗ್ರಾಹಕದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. 1988ರಲ್ಲಿ ಅದನ್ನು ಬೇರ್ಪಡಿಸಿ ಓದಿದರು. ಹಾರ್ಮೋನ್ ಕೂತ ಗ್ರಾಹಕ ಕೋಶಕೇಂದ್ರಕ್ಕೆ ಹೋಗಿ, ಎರಡೆರಡು ಜೋಡಿಯಾಗಿ, ಡಿಎನ್‌ಎಯಲ್ಲಿ ತನಗೆಂದೇ ಇರುವ ಗುರುತನ್ನು ಹುಡುಕುತ್ತದೆ. ಆ ಗುರುತು ಹದಿನೈದು ಅಕ್ಷರದ್ದು: ಆರು ಅಕ್ಷರ, ಮೂರು ಅಕ್ಷರದ ಬಿಡುವು, ಮತ್ತೆ ಆರು ಅಕ್ಷರ. ಜೋಡಿಯ ಒಬ್ಬೊಬ್ಬರಿಗೂ ಒಂದೊಂದು ಆರಕ್ಷರ.

ಪಿಎಸ್‌ಎ ಜೀನ್‌ನಲ್ಲಿ ಇಂಥ ಗುರುತುಗಳು ಎಲ್ಲಿವೆ ಎಂದು ತೊಂಬತ್ತರ ದಶಕದಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ ಯಾನ್ ಟ್ರಾಪ್‌ಮನ್ ಅವರ ಬಳಗ ಹುಡುಕಿತು. ಜೀನ್ ಆರಂಭವಾಗುವ ಜಾಗಕ್ಕಿಂತ 170 ಅಕ್ಷರ ಹಿಂದೆ ಒಂದು, 394 ಅಕ್ಷರ ಹಿಂದೆ ಇನ್ನೊಂದು. ಇವೆರಡೇ ಇದ್ದರೆ ಹಾರ್ಮೋನಿಗೆ ಸಿಗುವ ಉತ್ತರ ಕ್ಷೀಣ. ಸುಮಾರು 4,000 ಅಕ್ಷರ ಹಿಂದೆ ಇರುವ ಮೂರನೆಯ ತಾಣವೂ ಸೇರಿದಾಗ ಮಾತ್ರ ಜೀನ್ ಗಟ್ಟಿಯಾಗಿ ದನಿಯೆತ್ತುತ್ತದೆ. ಅಷ್ಟು ದೂರದ ತಾಣ ಹೇಗೆ ಕೆಲಸ ಮಾಡುತ್ತದೆ? ಡಿಎನ್‌ಎ ಎಳೆ ಕುಣಿಕೆಯಂತೆ ಬಾಗಿ ಆ ತಾಣವನ್ನು ಜೀನ್‌ನ ಬಾಗಿಲಿಗೆ ತಂದು ಮುಟ್ಟಿಸುತ್ತದೆ ಎಂದು 2005ರಲ್ಲಿ ತೋರಿಸಿಕೊಟ್ಟರು.

4. ಆ ಮನೆಯೇ ಏಕೆ?

ಇಲ್ಲಿ ನಿಜವಾದ ಪ್ರಶ್ನೆ ಏಳುತ್ತದೆ. ತೋಳಿನ ಸ್ನಾಯುವಿನಲ್ಲೂ ಆ ಗ್ರಾಹಕ ಇದೆ. ಕೂದಲ ಬುಡದಲ್ಲೂ ಇದೆ. ಪಿಎಸ್‌ಎ ಜೀನ್ ಅಂತೂ ಪ್ರತಿ ಜೀವಕೋಶದಲ್ಲೂ ಇದೆ. ಮತ್ತೆ ತೋಳು ಏಕೆ ಪಿಎಸ್‌ಎ ತಯಾರಿಸುವುದಿಲ್ಲ?

ಡಿಎನ್‌ಎ ಎಂಬುದು ಬಿಚ್ಚಿಟ್ಟ ಗ್ರಂಥವಲ್ಲ. ಪ್ರೋಟೀನುಗಳ ಸುತ್ತ ಸುತ್ತಿ ಕಟ್ಟಿಟ್ಟ ತಾಳೆಗರಿಯ ಕಟ್ಟು. ಕಟ್ಟು ಬಿಚ್ಚದೆ ಓದುವಂತಿಲ್ಲ. ಯಾವ ಗರಿಯನ್ನು ಬಿಚ್ಚಬೇಕೆಂಬುದನ್ನು ಪ್ರತಿ ಅಂಗಾಂಶವೂ ತನ್ನ ಬೆಳವಣಿಗೆಯ ಕಾಲದಲ್ಲೇ ತೀರ್ಮಾನಿಸಿಕೊಂಡಿರುತ್ತದೆ. ಪ್ರಾಸ್ಟೇಟ್‌ನ ಜೀವಕೋಶದಲ್ಲಿ ಫಾಕ್ಸ್‌ಎ1 ಎಂಬ ಪ್ರೋಟೀನ್ ಮುಂದಾಗಿ ಹೋಗಿ ಪಿಎಸ್‌ಎ ಜೀನ್‌ನ ಹತ್ತಿರದ ಕಟ್ಟನ್ನು ಸಡಿಲಿಸಿಡುತ್ತದೆ. ಗಾಟಾ2, ಹಾಕ್ಸ್‌ಬಿ13, ಎನ್‌ಕೆಎಕ್ಸ್3.1 ಎಂಬ ಜೊತೆಗಾರರು ಸೇರುತ್ತಾರೆ. ಇವರಲ್ಲಿ ಒಬ್ಬೊಬ್ಬರೂ ಬೇರೆ ಅಂಗಾಂಶಗಳಲ್ಲಿ ಕಾಣಸಿಗಬಹುದು. ಹಾರ್ಮೋನಿನ ಗ್ರಾಹಕದ ಜೊತೆ ಇವರೆಲ್ಲರೂ ಒಂದೇ ಸೂರಿನಡಿ ಕೂಡುವುದು ಪ್ರಾಸ್ಟೇಟ್‌ನಲ್ಲಿ. ಅಂಗದ ಗುರುತು ಒಬ್ಬ ಯಜಮಾನನಿಂದ ಬಂದದ್ದಲ್ಲ, ಈ ಕೂಟದಿಂದ ಬಂದದ್ದು.

ಇದಕ್ಕೆ ನನಗೆ ತುಂಬ ಇಷ್ಟವಾದ ಪುರಾವೆ ಇಲಿಯದು. ಇಲಿಗೆ ಪಿಎಸ್‌ಎ ಜೀನ್ ಇಲ್ಲ ಎಂದೆನಲ್ಲ? 1997ರಲ್ಲಿ ಟ್ರಾಪ್‌ಮನ್ ಬಳಗದವರು ಮನುಷ್ಯನ ಪಿಎಸ್‌ಎ ಜೀನ್‌ನ ಮುಂಭಾಗದ 6,000 ಅಕ್ಷರಗಳನ್ನು ಮಾತ್ರ ತೆಗೆದು, ಅದಕ್ಕೆ ಬ್ಯಾಕ್ಟೀರಿಯದ ಒಂದು ಜೀನನ್ನು ಜೋಡಿಸಿ ಇಲಿಗಳಲ್ಲಿ ಸೇರಿಸಿದರು. ಆ ಜೀನ್ ಕೆಲಸ ಮಾಡಿದ್ದು ಪ್ರಾಸ್ಟೇಟ್‌ನಲ್ಲಿ. ವೃಷಣ ತೆಗೆದರೆ ನಿಂತಿತು, ಹಾರ್ಮೋನ್ ಕೊಟ್ಟರೆ ಮರಳಿತು. ಜೀನ್ ಇಲ್ಲದಿದ್ದರೂ ಅದನ್ನು ಓದುವ ಕೂಟ ಇಲಿಯ ಪ್ರಾಸ್ಟೇಟ್‌ನಲ್ಲಿ ಸಿದ್ಧವಾಗಿತ್ತು.

ಆ ಕೂಟ ಮೊದಲು ಕೂಡುವುದು ಹೇಗೆ? ಅಮೆರಿಕದ ಜೆರಾಲ್ಡ್ ಕುನ್ಹಾ ಇಲಿ ಭ್ರೂಣಗಳ ಅಂಗಾಂಶಗಳನ್ನು ಬೇರ್ಪಡಿಸಿ ಅದಲುಬದಲು ಕೂಡಿಸಿ ನೋಡಿದರು. ಪ್ರಾಸ್ಟೇಟ್ ಹುಟ್ಟುವ ಜಾಗದ ಆಧಾರ ಅಂಗಾಂಶವನ್ನು ಮೂತ್ರಕೋಶದ ಒಳಪೊರೆಯ ಜೊತೆಗಿಟ್ಟು ಬೆಳೆಸಿದಾಗ, ಮೂತ್ರಕೋಶವಾಗಬೇಕಿದ್ದ ಪೊರೆ ಪ್ರಾಸ್ಟೇಟ್ ಆಗಿ ಕವಲೊಡೆಯಿತು. ಆರಂಭದಲ್ಲಿ ಹಾರ್ಮೋನಿನ ಕರೆ ಕೇಳುವುದು ಆ ಆಧಾರ ಅಂಗಾಂಶ. ಅದರ ಒತ್ತಾಸೆಯಿಂದ ಒಳಪೊರೆಗೆ ತನ್ನ ಗುರುತು ಸಿಗುತ್ತದೆ. ನೆರೆಹೊರೆಯಿಲ್ಲದೆ ಅಂಗವಿಲ್ಲ.

ಅಂಗಾಂಶದ ಈ ನಿಷ್ಠೆ ಬಹುಮಟ್ಟಿನದು, ಪರಿಪೂರ್ಣವಲ್ಲ. ತೊಂಬತ್ತರ ದಶಕದಲ್ಲಿ ಕೆನಡಾದ ಟೊರಾಂಟೊದ ವಿಜ್ಞಾನಿಗಳು ಅತಿಸೂಕ್ಷ್ಮ ಪರೀಕ್ಷೆಗಳಿಂದ ಎದೆಹಾಲಿನಲ್ಲಿ, ಕೆಲವು ಸ್ತನ ಗಡ್ಡೆಗಳಲ್ಲಿ ಪಿಎಸ್‌ಎಯ ಕಣದಷ್ಟನ್ನು ಕಂಡರು. ಏಕೆಂದರೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಗ್ರಾಹಕವೂ ಅದೇ ಹದಿನೈದಕ್ಷರದ ಗುರುತನ್ನು ಓದಬಲ್ಲದು. ಆ ಅಲ್ಪ ಪ್ರಮಾಣದಿಂದ ನಮ್ಮ ವರದಿಗೆ ತೊಂದರೆಯಿಲ್ಲ. ಕ್ಯಾನ್ಸರಿಗಾಗಿ ಪ್ರಾಸ್ಟೇಟನ್ನು ಪೂರ್ತಿ ತೆಗೆದವರ ರಕ್ತದಲ್ಲಿ ಪಿಎಸ್‌ಎ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಸೊನ್ನೆಗಿಳಿಯುತ್ತದೆ. ಒಂದು ಮನೆಯ ದನಿ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

5. ಕ್ಯಾನ್ಸರ್ ಆ ನಿಯಮವನ್ನೇ ಬಳಸುತ್ತದೆ

ಕ್ಯಾನ್ಸರ್ ಬಂದಾಗ ಈ ಏರ್ಪಾಡು ಅಳಿಸಿಹೋಗುವುದಿಲ್ಲ. ರೋಗ ಅದನ್ನು ತನ್ನ ಲಾಭಕ್ಕೆ ತಿರುಗಿಸಿಕೊಳ್ಳುತ್ತದೆ.

ಟಿಎಂಪಿಆರ್‌ಎಸ್‌ಎಸ್2 ಎಂಬುದು ಪ್ರಾಸ್ಟೇಟ್‌ನಲ್ಲಿ ಹಾರ್ಮೋನಿನ ಅಪ್ಪಣೆಗೆ ಕಾಯುವ ಇನ್ನೊಂದು ಪ್ರೋಟೀನ್ ಕತ್ತರಿಸುವ ಕಿಣ್ವ. ಶ್ವಾಸನಾಳದ ಜೀವಕೋಶಗಳಲ್ಲೂ ಅದಿದೆ. ಕೊರೊನಾ ವೈರಸ್ ಒಳನುಗ್ಗಲು ಅದನ್ನೇ ಬಳಸಿಕೊಂಡಿತು. ಅದರ ಜೀನ್ 21ನೆಯ ಕ್ರೋಮೋಸೋಮಿನಲ್ಲಿದೆ. ಕೋಶಗಳನ್ನು ಬೆಳೆಯಲು ಪ್ರಚೋದಿಸಬಲ್ಲ ಇಆರ್‌ಜಿ ಎಂಬ ಜೀನ್ ಅದೇ ಕ್ರೋಮೋಸೋಮಿನಲ್ಲಿ ಸುಮಾರು 30 ಲಕ್ಷ ಅಕ್ಷರ ಆಚೆಗಿದೆ. 2005ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನೈಯನ್ ಅವರ ಬಳಗ ಕಂಡದ್ದು ಇದು: ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಎಷ್ಟೋ ಸಲ ಇವೆರಡರ ನಡುವಿನ ಎಳೆ ತುಂಡಾಗಿ ತುದಿಗಳು ಬೆಸೆದುಕೊಂಡಿರುತ್ತವೆ. ಕಿಣ್ವದ ಜೀನ್‌ಗೆ ಬರುತ್ತಿದ್ದ ಅಪ್ಪಣೆ ಈಗ ಇಆರ್‌ಜಿಗೆ ಸಲ್ಲುತ್ತದೆ. ಪಕ್ಕದ ಮನೆಯ ಮೀಟರಿನಿಂದ ತಂತಿ ಎಳೆದುಕೊಂಡ ಹಾಗೆ. ಯುರೋಪ್ ಮೂಲದ ಗಂಡಸರ ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬೆಸುಗೆ ಇದೆ.

ಗ್ರಾಹಕವೂ ಬದಲಾಗುತ್ತದೆ. 1977ರಲ್ಲಿ ಒಬ್ಬ ರೋಗಿಯ ಕತ್ತಿನ ಬಳಿಯ ದುಗ್ಧಗ್ರಂಥಿಯಿಂದ ತೆಗೆದ ಕ್ಯಾನ್ಸರ್ ಕೋಶಗಳು ಎಲ್‌ಎನ್‌ಕ್ಯಾಪ್ ಎಂಬ ಹೆಸರಿನಲ್ಲಿ ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಪಿಎಸ್‌ಎ ಜೀನ್‌ನ ಬಗ್ಗೆ ನಾವು ಕಲಿತದ್ದರಲ್ಲಿ ಬಹುಪಾಲು ಆ ಒಬ್ಬ ಮನುಷ್ಯನ ಕೋಶಗಳಿಂದ. ಅವುಗಳ ಗ್ರಾಹಕದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ. ಅಷ್ಟರಿಂದ ಅದು ಪ್ರೊಜೆಸ್ಟರಾನಿಗೂ ಈಸ್ಟ್ರೋಜನ್ನಿಗೂ ಓಗೊಡುತ್ತದೆ. ಗ್ರಾಹಕವನ್ನು ತಡೆಯಲೆಂದೇ ಕೊಡುವ ಫ್ಲುಟಮೈಡ್ ಔಷಧವನ್ನೂ ಅಪ್ಪಣೆಯೆಂದೇ ತಿಳಿಯುತ್ತದೆ. ಕೆಲವು ರೋಗಿಗಳಲ್ಲಿ ಆ ಔಷಧ ನಿಲ್ಲಿಸಿದಾಗ ಪಿಎಸ್‌ಎ ಇಳಿದದ್ದನ್ನು ವೈದ್ಯರು 1993ರಲ್ಲಿ ವರದಿ ಮಾಡಿದ್ದರು. ಹೆಚ್ಚು ಬಿಗಿಯಾಗಿ ಗ್ರಾಹಕವನ್ನು ತಡೆಯುವ ಎನ್‌ಜಾಲುಟಮೈಡ್, ಹಾರ್ಮೋನಿನ ತಯಾರಿಕೆಯನ್ನೇ ನಿಲ್ಲಿಸುವ ಅಬಿರಾಟೆರಾನ್ ಬಂದದ್ದು ಇಂಥ ಪಾಠಗಳನ್ನು ಕಲಿತ ಮೇಲೆ.

6. ಮತ್ತೆ ಆ ವರದಿಗೆ

ಈಗ ಮಾಮನ ವರದಿಯನ್ನು ಓದೋಣ. ವೀರ್ಯದಲ್ಲಿ ಒಂದು ಮಿಲಿಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಪಿಎಸ್‌ಎ ಇರುತ್ತದೆ. ರಕ್ತದಲ್ಲಿ ಇರುವುದು ಅದರ ಹತ್ತು ಲಕ್ಷದಲ್ಲಿ ಒಂದು ಪಾಲು, ನ್ಯಾನೊಗ್ರಾಂ ಲೆಕ್ಕ. ಅದು ಸೇರಬೇಕಾದ ಜಾಗ ಗ್ರಂಥಿಯ ನಾಳ. ರಕ್ತಕ್ಕೆ ಬಂದದ್ದು ಗೋಡೆಯಲ್ಲಿ ಜಿನುಗಿದ್ದು. ಹಾಗಾಗಿ ವರದಿಯ ಸಂಖ್ಯೆಯಲ್ಲಿ ಮೂರು ಸಂಗತಿ ಕೂಡಿವೆ: ಗ್ರಂಥಿ ಎಷ್ಟು ದೊಡ್ಡದು, ಹಾರ್ಮೋನಿನ ಅಪ್ಪಣೆ ಎಷ್ಟು, ಗೋಡೆ ಎಷ್ಟು ಗಟ್ಟಿ.

ಗ್ರಂಥಿ ಊದಿದರೆ ಸಂಖ್ಯೆ ಏರುತ್ತದೆ. ಸೋಂಕು ತಗುಲಿ ಗೋಡೆ ಹದಗೆಟ್ಟರೆ ಏರುತ್ತದೆ. ಕ್ಯಾನ್ಸರಿನಲ್ಲೂ ಏರುತ್ತದೆ. ಒಂದೊಂದು ಕ್ಯಾನ್ಸರ್ ಕೋಶ ಆರೋಗ್ಯದ ಕೋಶಕ್ಕಿಂತ ಹೆಚ್ಚು ಪಿಎಸ್‌ಎಯನ್ನೇನೂ ಮಾಡುವುದಿಲ್ಲ. ಅಲ್ಲಿ ಗ್ರಂಥಿಯ ಕಟ್ಟಡವೇ ಕುಸಿದು ಕಿಣ್ವ ರಕ್ತಕ್ಕೆ ಸೋರುತ್ತದೆ. ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ನುಂಗುವವರಲ್ಲಿ ಅಪ್ಪಣೆ ಕ್ಷೀಣಿಸಿ ಕೆಲವು ತಿಂಗಳಲ್ಲಿ ಸಂಖ್ಯೆ ಸುಮಾರು ಅರ್ಧಕ್ಕಿಳಿಯುತ್ತದೆ. ಕೂದಲು ಉದುರದಿರಲೆಂದು ತೆಗೆದುಕೊಳ್ಳುವ ಸಣ್ಣ ಮಾತ್ರೆಯಲ್ಲೂ ಹೀಗಾಗುತ್ತದೆ. ಅಂಥವರ 3 ನಿಜಕ್ಕೂ 6ಕ್ಕೆ ಸಮ ಇರಬಹುದು. ಈ ಮಾತ್ರೆ ನುಂಗುತ್ತಿದ್ದೇನೆ ಎಂದು ವೈದ್ಯರಿಗೆ ಹೇಳದೆ ಪಿಎಸ್‌ಎ ಮಾಡಿಸಬಾರದು. ಈ ಸಭೆಯಿಂದ ನೀವು ಒಂದೇ ಮಾತನ್ನು ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

4 ಎಂಬ ಗೆರೆ ಕೂಡ ಲಕ್ಷ್ಮಣರೇಖೆಯಲ್ಲ. 2004ರಲ್ಲಿ ಅಮೆರಿಕದಲ್ಲಿ ಪಿಎಸ್‌ಎ 4 ಮೀರದ 2,950 ಗಂಡಸರಿಗೆ ಬಯಾಪ್ಸಿ ಮಾಡಿ ನೋಡಿದಾಗ ಶೇಕಡ 15ರಷ್ಟು ಜನರಲ್ಲಿ ಕ್ಯಾನ್ಸರ್ ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವು ನಿಧಾನಗತಿಯವು. ಯುರೋಪಿನ ಏಳು ದೇಶಗಳ 1,82,000 ಗಂಡಸರ ಅಧ್ಯಯನ 2009ರಲ್ಲಿ ಹೇಳಿದ್ದು: ಪಿಎಸ್‌ಎ ತಪಾಸಣೆಯಿಂದ ಈ ಕ್ಯಾನ್ಸರಿನ ಸಾವು ಶೇಕಡ 20ರಷ್ಟು ಕಡಿಮೆಯಾಯಿತು. ಆದರೆ ಒಂದು ಸಾವನ್ನು ತಪ್ಪಿಸಲು 1,410 ಮಂದಿಯನ್ನು ತಪಾಸಣೆಗೆ ಒಳಪಡಿಸಿ, ಹೆಚ್ಚುವರಿಯಾಗಿ 48 ಮಂದಿಗೆ ಚಿಕಿತ್ಸೆ ಕೊಡಬೇಕಾಗಿತ್ತು. ಆ 48ರಲ್ಲಿ ಹಲವರು ಮೂತ್ರದ ಹಿಡಿತವನ್ನೋ ದಾಂಪತ್ಯದ ಸುಖವನ್ನೋ ಕಳೆದುಕೊಂಡಿರುತ್ತಾರೆ. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ದೆಹಲಿ, ಬೆಂಗಳೂರಿನಂಥ ನಗರಗಳಲ್ಲಿ ಇದು ಗಂಡಸರ ಪ್ರಮುಖ ಕ್ಯಾನ್ಸರುಗಳಲ್ಲಿ ಒಂದು. ಬೇಗ ಕಂಡದ್ದರಿಂದ ಬದುಕಿದವರು ಇದ್ದಾರೆ. ತಪಾಸಣೆಯ ಪ್ಯಾಕೇಜಿನಲ್ಲಿ ಯಾರನ್ನೂ ಕೇಳದೆ ಸೇರಿಬಿಡುವ ಪರೀಕ್ಷೆ ಇದಾಗಬಾರದು. ಯಾಕೆ ಮಾಡಿಸುತ್ತಿದ್ದೇವೆ, ಏರಿದರೆ ಮುಂದೇನು ಎಂದು ವೈದ್ಯರ ಜೊತೆ ಮೊದಲೇ ಮಾತಾಡಿ ಮಾಡಿಸಬೇಕಾದ ಪರೀಕ್ಷೆ.

ಮಾಮನನ್ನು ಮೂತ್ರರೋಗ ತಜ್ಞರ ಬಳಿಗೆ ಕರೆದುಕೊಂಡು ಹೋದೆ. ತಪಾಸಣೆಯ ವಾರದಲ್ಲಿ ಅವರಿಗೆ ಉರಿಮೂತ್ರ ಇತ್ತು ಎಂಬುದು ಆಗ ತಿಳಿಯಿತು. ಸಂಕೋಚದಿಂದ ಯಾರಿಗೂ ಹೇಳಿರಲಿಲ್ಲ. ಸೋಂಕಿಗೆ ಚಿಕಿತ್ಸೆಯಾಗಿ, ಎರಡು ತಿಂಗಳು ಕಾದು ಮತ್ತೆ ಪರೀಕ್ಷೆ ಮಾಡಿದಾಗ ಸಂಖ್ಯೆ ಇಳಿದಿತ್ತು. ಎಲ್ಲರ ವಿಷಯದಲ್ಲೂ ಇಳಿಯುವುದಿಲ್ಲ. ಇಳಿಯದವರಿಗೆ ಮುಂದಿನ ಪರೀಕ್ಷೆ ಬೇಕು, ಕೆಲವರಿಗೆ ಚಿಕಿತ್ಸೆಯೂ ಬೇಕು. ಆ ಚಿಕಿತ್ಸೆಯ ಬೇರು ಷಿಕಾಗೋದ ಆ ನಾಯಿಗಳ ಅಳತೆಯಲ್ಲಿದೆ.

ಕಳೆದ ದೀಪಾವಳಿಗೆ ಅವರ ಮನೆಗೆ ಹೋದಾಗ ಮಾಮ ಎರಡೂ ವರದಿಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದನ್ನು ನೋಡಿದೆ. ಮೊದಲನೆಯದರ ಮೇಲೆ, ದಪ್ಪಕ್ಷರದ 7.8ರ ಪಕ್ಕದಲ್ಲಿ, ನೀಲಿ ಪೆನ್ನಿನಲ್ಲಿ ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದರು: "ಉರಿಮೂತ್ರ ಇದ್ದಾಗ ತೆಗೆದದ್ದು."

ಜೀನ್ ಕೂಡ ಸಂದರ್ಭ ನೋಡಿಯೇ ಮಾತಾಡುತ್ತದೆ. ಅದರ ಮಾತನ್ನು ಓದುವವರೂ ಪಕ್ಕದಲ್ಲಿ ಸಂದರ್ಭವನ್ನು ಬರೆದಿಟ್ಟುಕೊಳ್ಳಬೇಕು. ಇದನ್ನು ಹೇಳಲು ನನಗೆ ಇಷ್ಟು ಹೊತ್ತು ಬೇಕಾಯಿತು. ಮಾಮ ಮೂರು ಪದಗಳಲ್ಲಿ ಬರೆದಿದ್ದರು.